ಗಂಟು ಬಿದ್ದ ಜೇಬು

ಕೌಂಟರಿನ ಡ್ರಾಯರ್ ಖಾಲಿ. ಅದರಲ್ಲಿಟ್ಟಿದ್ದ ನನ್ನ ಕೆಲಸದ ಪರ್ಮಿಟ್ ಕಾರ್ಡ್ ಮಾಯ.

ಅದರ ಅವಧಿ ಅಂದೇ ಮುಗಿಯುತ್ತಿತ್ತು. ಸಂಜೆಯೊಳಗೆ ಮಾಲೀಕರು ನನ್ನ ಜೊತೆ ಕಚೇರಿಗೆ ಬಂದು, ಹಳೇ ಕಾರ್ಡ್ ತೋರಿಸಿ, ಇವನು ನಮಗೆ ಬೇಕೆಂದು ಸಹಿ ಹಾಕಬೇಕು. ಇಲ್ಲದಿದ್ದರೆ ನಾನು, ಹೆಂಡತಿ, ಇಲ್ಲಿಯ ಶಾಲೆಗೆ ಹೋಗುವ ಮಗಳು—ಮೂವರೂ ದೇಶ ಬಿಡಬೇಕು.

ಹೊಲಿಗೆ ಅಂಗಡಿಯಲ್ಲಿ ನನ್ನನ್ನು ಬಿಟ್ಟರೆ ಮಾಲೀಕರು, ಗುಂಡಿ ಹೊಲಿಯುವ ಅಕ್ಕ, ಕೌಂಟರಿನಲ್ಲಿ ಕೂರುವ ಮಾಲೀಕರ ಬಾಮೈದ. ಎಲ್ಲರ ಚೀಲ ತಡಕಿದ್ದಾಯಿತು. ಕೊನೆಗೆ ಮಾಲೀಕರು ಮಹಡಿಯಿಂದ ತಮ್ಮ ಸೋದರತ್ತೆಯನ್ನು ಕರೆತಂದರು. ಪೊಲೀಸ್ ಕೆಲಸದಿಂದ ನಿವೃತ್ತರಾದವರು. ಅವರ ಮುಂದೆ ಸುಳ್ಳು ಹೇಳುವವನು ಬೆವರು ಒರೆಸಲು ಟವೆಲ್ ತರಬೇಕು.

“ಕಾರ್ಡ್ ಇಲ್ಲಿದ್ದದ್ದು ಯಾರಿಗೆ ಗೊತ್ತಿತ್ತು?”

“ಎಲ್ರಿಗೂ,” ಅಂದರು ಮಾಲೀಕರು.

ಅತ್ತೆ ಅಕ್ಕನ ಕಡೆ ತಿರುಗಿದರು. “ನಿಂಗೆ ಇವನ ಮೇಲೆ ಸಿಟ್ಟಾ?”

“ಕತ್ತರಿ ತಗೊಂಡು ವಾಪಸ್ ಇಡಲ್ಲ ಅಂತ ದಿನಾ ಜಗಳಾಡ್ತೀನಿ. ಇವನು ಹೋದ್ರೆ ಯಾರ ಹತ್ರ ಜಗಳಾಡ್ಲಿ?”

ಬಾಮೈದ ಕೆಮ್ಮಿದ. “ಇವನೇ ಎಲ್ಲೋ ಬೀಳಿಸಿರಬೇಕು.”

ಅತ್ತೆ ಹೋಗಿ ಗಿರಾಕಿಗಳಿಗಾಗಿ ಸಿದ್ಧವಾಗಿದ್ದ ಕೋಟುಗಳ ಮುಂದೆ ನಿಂತರು. ಹೊಸ ಕೋಟಿನ ಜೇಬು ಜೋಲದಿರಲೆಂದು ಅದರ ಬಾಯಿಗೆ ಬಿಳಿ ದಾರದ ಕಚ್ಚಾ ಹೊಲಿಗೆ ಹಾಕಿರುತ್ತೇವೆ. ಅತ್ತೆ ಒಂದೊಂದೇ ದಾರ ಎಳೆದರು. ಸುರ್ರನೆ ಬಂತು. ಬೂದು ಕೋಟಿನದು ಮಾತ್ರ ಬರಲಿಲ್ಲ.

“ಕತ್ತರಿ ಕೊಡು.”

ಜೇಬಿನೊಳಗೆ ನನ್ನ ಕಾರ್ಡ್! ನನಗೆ ಹೋದ ಜೀವ ಬಂದಂತಾಯಿತು.

“ಇದು ನಮ್ಮಪ್ಪನ ಕಾಲದ ಅಂಗಡಿ,” ಅಂದರು ಅತ್ತೆ. “ಬಿಚ್ಚೋ ಹೊಲಿಗೆಗೆ ದರ್ಜಿ ಗಂಟು ಹಾಕ್ತಾನಾ? ಇಲ್ಲಿ ನೋಡಿ, ಎರಡು ಕಡೆನೂ ಗಂಟು. ನೀವು ಮೂವರೂ ಹೊಲಿಯೋರು. ಸೂಜಿ ಹಿಡಿದು ಗೊತ್ತಿಲ್ಲದವನು ಇಲ್ಲಿ ಒಬ್ಬನೇ.”

ಬಾಮೈದನ ಮುಖ ಬಿಳಿಚಿತು. “ಒಂದು ಅಂಗಡಿಗೆ ಹೊರದೇಶದ ಒಬ್ಬರಿಗೇ ಪರ್ಮಿಟ್ ಸಿಗೋದು. ಇವನ ಜಾಗ ಕೊಡಿಸ್ತೀನಿ ಅಂತ ಸ್ನೇಹಿತನಿಗೆ ಮಾತು ಕೊಟ್ಟುಬಿಟ್ಟಿದ್ದೆ... ನಾಳೆ ವಾಪಸ್ ಇಡ್ತಿದ್ದೆ.”

“ನಾಳೆ ಅದು ಬರೀ ಪ್ಲಾಸ್ಟಿಕ್ ಚೂರು. ಕಾರು ತೆಗಿ. ಕಚೇರಿಗೆ ನೀನೇ ಬಿಡು.”

ದಾರಿಯುದ್ದಕ್ಕೂ ಅವನು ಬೆವರು ಒರೆಸಿಕೊಳ್ಳುತ್ತಲೇ ಕಾರು ಓಡಿಸಿದ. ಅತ್ತೆ ಪಕ್ಕದಲ್ಲೇ ಕೂತಿದ್ದರು.

“ಇವರೇ ಯಾಕೆ ಬೇಕು?” ಎಂದು ಅಧಿಕಾರಿ ಕೇಳಿದಾಗ ಮಾಲೀಕರು ತಾವು ತೊಟ್ಟ ಕೋಟಿನ ತೋಳು ಮುಂದೆ ಚಾಚಿದರು. “ಇದು ಇವನು ಹೊಲಿದದ್ದು. ನನಗೂ ಇಷ್ಟು ಚೆನ್ನಾಗಿ ಬರಲ್ಲ.”

ನವೀಕರಣದ ಅರ್ಜಿಗೆ ಠಸ್ಸೆ ಬಿತ್ತು. ಹೊರಗೆ ಬಂದು ಅತ್ತೆಯ ಎರಡೂ ಕೈ ಹಿಡಿದುಕೊಂಡೆ. ಈ ಋಣ ತೀರುವಂಥದ್ದಲ್ಲ ಎನ್ನುವಷ್ಟರಲ್ಲಿ ಕಣ್ಣು ತುಂಬಿತು.

“ಆಮೇಲೆ ಅಳುವಿಯಂತೆ,” ಅಂದರು. “ಮೊದಲು ಮಗಳಿಗೆ ಫೋನ್ ಮಾಡು. ನಾಳೆನೂ ಶಾಲೆ ಇದೆ ಅಂತ ಹೇಳು.”