ಪೌಡರ್‌ಗೆ ಚುಕ್ಕೆ ಇಲ್ಲ

"ಡೇರಿಯವರಿಗೆ ಕೊಟ್ಬಿಡು, ಹಸು ಅಂತ ಕಟ್ಕೋತಾರೆ!" ಬೇಲಿಯ ಮೇಲೆ ಕೂತಿದ್ದ ಕೋಡಿ ಕಿಸಕ್ಕನೆ ನಕ್ಕ.

"ಬಾಯ್ಮುಚ್ಚೋ," ಎಂದಳು ಜೋಲೀನ್.

ಅವಳ ಪಕ್ಕದಲ್ಲಿ ನಿಂತಿದ್ದ ಹೆಣ್ಣು ಕುದುರೆಮರಿಗೆ ಒಂದು ವರ್ಷ. ಮೊಣಕಾಲ ಹತ್ತಿರ ಒಂದಿಷ್ಟು ಕಪ್ಪು ಬಿಟ್ಟರೆ ಮೈಯೆಲ್ಲ ಬಿಳಿ. ಅದಕ್ಕೇ ಪೌಡರ್ ಎಂದು ಹೆಸರು. ಲ್ಯಾಪ್‌ವೈ ಕಣಿವೆಯಲ್ಲಿ, ನಿಮೀಪೂ ಮೂಲನಿವಾಸಿಗಳ ಮನೆಯಲ್ಲಿ, ಕುದುರೆ ಎಂದರೆ ಅಪ್ಪಲೂಸಾ. ಅಪ್ಪಲೂಸಾ ಎಂದರೆ ಮೈತುಂಬ ಚುಕ್ಕೆ.

"ಚುಕ್ಕೆ ಇಲ್ಲ, ಹೋಗಲಿ. ನಿನ್ನೆ ಕತ್ತಲಾಗ್ತಿದ್ದ ಹಾಗೆ ಬಕೆಟ್‌ಗೆ ಡಿಕ್ಕಿ ಹೊಡೀತು. ಕಣ್ಣೂ ನೆಟ್ಟಗಿಲ್ಲ," ಎಂದ ಕೋಡಿಯ ಅಪ್ಪ, ವಾರ್ನರ್ ಮಾಮ. "ಚಳಿಗಾಲಕ್ಕೆ ಇದಕ್ಕೂ ಹುಲ್ಲು ಹಾಕೋಕಾಗಲ್ಲ. ಶನಿವಾರ ಲೂಯಿಸ್ಟನ್‌ನವರು ಬರ್ತಾರೆ. ಇದನ್ನ ಕೊಟ್ಟು ಅವರ ಚುಕ್ಕೆ ಕುದುರೆ ತಗೋತೀನಿ. ಊರ ಹಬ್ಬದ ಮೆರವಣಿಗೇಲಿ ನೀನೇ ಅದರ ಮೇಲೆ ಕೂರು ಪುಟ್ಟಿ."

ಮೆರವಣಿಗೆಯಲ್ಲಿ ಕುದುರೆ ಏರಬೇಕೆಂದು ಜೋಲೀನ್‌ಗೆ ಎಷ್ಟು ದಿನದ ಆಸೆ! ಆದರೂ ಖುಷಿಯಾಗಲಿಲ್ಲ. ಧುಮುಧುಮು ಎನ್ನುತ್ತ ಅಡುಗೆಮನೆಗೆ ಹೋದಳು.

ಅಜ್ಜಿ ರೊಟ್ಟಿ ಕರಿಯಲು ಹಿಟ್ಟು ನಾದುತ್ತಿದ್ದಳು. "ಮುಖ ಯಾಕೆ ಹಾಗೆ ಊದಿದೆ? ಆ ತಟ್ಟೆಗೆ ಹಿಟ್ಟು ಉದುರಿಸು."

ಜೋಲೀನ್ ಕಪ್ಪು ತಟ್ಟೆ ಎಳೆದುಕೊಂಡಳು. "ಕುದುರೆ ಕ್ಲಾಸಲ್ಲಿ ಟೀಚರ್ ಹೇಳಿದ್ರು, ಮರಿಗೆ ಅಮ್ಮನ ಕಡೆಯಿಂದ ಒಂದು ಪಾಲು, ಅಪ್ಪನ ಕಡೆಯಿಂದ ಒಂದು ಪಾಲು ಬರುತ್ತಂತೆ. ಪೌಡರ್ ಅಮ್ಮನಿಗೂ ಚುಕ್ಕೆ, ಅಪ್ಪನಿಗೂ ಚುಕ್ಕೆ. ಡಬಲ್ ಚುಕ್ಕೆ ಬರಬೇಕಿತ್ತಲ್ವಾ ಅಜ್ಜಿ?"

"ಹಿಂದೆ ಯುದ್ಧದಲ್ಲಿ ಸರ್ಕಾರದ ಸೈನಿಕರು ನಮ್ಮ ಕುದುರೆಗಳನ್ನೆಲ್ಲ ಕಿತ್ಕೊಂಡು ಹೋದ್ರಲ್ಲ, ಆಗ ನಮ್ಮ ಚುಕ್ಕೆ ಕುದುರೆ ಕತೆ ಮುಗೀತು ಅಂದಿದ್ರು ಜನ," ಎಂದಳು ಅಜ್ಜಿ. "ಮುಗೀತಾ? ಕಣ್ಣಿಗೆ ಕಾಣದೇ ಇದ್ದಿದ್ದೆಲ್ಲ ಇಲ್ಲ ಅಂತಲ್ಲ. ಉದುರಿಸು, ಉದುರಿಸು."

ಜೋಲೀನ್ ಸಿಟ್ಟಿನಲ್ಲೇ ಒಂದು ಹಿಡಿ ಹಿಟ್ಟು ಎರಚಿದಳು. ತಟ್ಟೆ ಅಲ್ಲಲ್ಲಿ ಬೆಳ್ಳಗಾಯಿತು. ನಡುನಡುವೆ ಕಪ್ಪು ಉಳಿಯಿತು, ಥೇಟ್ ಪೌಡರ್‌ನ ಅಮ್ಮನ ಮೈಯ ಹಾಗೆ. ಇನ್ನೊಂದು ಹಿಡಿ ಎರಚಿದಳು. ಕಪ್ಪೆಲ್ಲ ಮುಚ್ಚಿಹೋಯಿತು.

ಅವಳ ಕೈ ಹಾಗೇ ನಿಂತಿತು.

"ಅಜ್ಜೀ! ಅದು ಚುಕ್ಕೆ ಇಡೋ ಪಾಲಲ್ಲ, ಬಿಳಿ ಹರಡೋ ಪಾಲು! ಒಂದು ಪಾಲು ಬಂದ್ರೆ ಚುಕ್ಕೆ ಉಳಿಯುತ್ತೆ. ಎರಡೂ ಬಂದ್ರೆ ಬಿಳಿ ಚುಕ್ಕೆನೇ ನುಂಗಿಬಿಡುತ್ತೆ!"

"ನನ್ನ ಹಿಟ್ಟೆಲ್ಲ ನೀನು ನುಂಗಿಸ್ಬಿಟ್ಟೆ," ಎಂದು ಅಜ್ಜಿ ನಕ್ಕಳು.

ಶನಿವಾರ ಲೂಯಿಸ್ಟನ್‌ನವರ ಕುದುರೆ ಟ್ರೈಲರ್ ಬಂದು ನಿಂತಾಗ ಜೋಲೀನ್ ಗೇಟಿಗೆ ಬೆನ್ನು ಕೊಟ್ಟು ನಿಂತಿದ್ದಳು.

"ತೆಗಿ ಪುಟ್ಟಿ, ಅವರು ಕಾಯ್ತಿದ್ದಾರೆ."

"ತೆಗೆಯಲ್ಲ."

"ಏನಂದೆ?"

"ತೆಗೆಯಲ್ಲ ಮಾಮ. ಇದರ ಅಮ್ಮ ಬಿಳಿನೂ ಚುಕ್ಕೆನೂ ಇಲ್ಲದ ಒಂದೇ ಬಣ್ಣದ ಮರಿ ಹಾಕಿಲ್ವಾ?"

"ಹಾಕಿದೆ, ಎಷ್ಟೋ ಸಲ."

"ಅದರ ಹತ್ತಿರ ಬಿಳಿ ಹರಡಿ ಚುಕ್ಕೆ ಉಳಿಸೋ ಪಾಲು ಒಂದೇ ಇದೆ, ಅದು ಎಲ್ಲ ಮರಿಗೂ ಸಿಗಲ್ಲ. ಪೌಡರ್ ಹತ್ತಿರ ಇರೋದೆರಡೂ ಅದೇ. ಅಪ್ಪ ಚುಕ್ಕೆ ಇಲ್ಲದ್ದಾದ್ರೂ ಇವಳು ಹಾಕೋ ಮರಿಗೆಲ್ಲ ಚುಕ್ಕೆ ಕೊಟ್ಟೇ ಕೊಡ್ತಾಳೆ!"

"ಕುರುಡೂ ಕೊಡ್ತಾಳೆ!" ಎಂದು ಕೋಡಿ ಕೂಗಿದ.

"ಕುರುಡಲ್ಲ! ಎರಡೂ ಕಡೆಯಿಂದ ಬಂದ್ರೆ ಕತ್ತಲಲ್ಲಿ ಮಾತ್ರ ಕಣ್ಣು ಕಾಣಲ್ಲ ಅಂತ ಟೀಚರೇ ಹೇಳಿದಾರೆ. ಬೇಕಾದ್ರೆ ಈಗ ಬಕೆಟ್ ಇಟ್ಟು ನೋಡು!"

ಮಾಮ ಕೋಡಿಯ ಕಡೆ ನೋಡಿದ. ಕೋಡಿ ಬಕೆಟ್ ತಂದು ದಾರಿಗೆ ಅಡ್ಡ ಇಟ್ಟ. ಬಿಸಿಲು ಚುರುಗುಡುತ್ತಿತ್ತು. ಜೋಲೀನ್ ಕರೆದಳು. ಪೌಡರ್ ಬಕೆಟ್ ಮೂಸಿತು, ಪಕ್ಕಕ್ಕೆ ಸರಿಯಿತು, ನೆಟ್ಟಗೆ ಅವಳ ಹತ್ತಿರ ಬಂತು.

ಮಾಮ ಟೋಪಿ ಹಿಂದಕ್ಕೆ ಸರಿಸಿ ತಲೆ ಕೆರೆದುಕೊಂಡ. "ಮೆರವಣಿಗೆ ಕುದುರೆ ಬೇಡ್ವಾ ಹಾಗಾದ್ರೆ?"

ಟ್ರೈಲರ್‌ನಿಂದ ಚುಕ್ಕೆ ಕುದುರೆ ತಲೆ ಹೊರಹಾಕಿ ನೋಡುತ್ತಿತ್ತು. ಎಷ್ಟು ಚೆಂದ ಇತ್ತು! ಜೋಲೀನ್ ಪೌಡರ್‌ನ ಕುತ್ತಿಗೆಯ ಮೇಲೆ ಕೈಯಿಟ್ಟಳು.

"ಬೇಡ."

"ಇದು ಮರಿ ಹಾಕೋಕೆ ಇನ್ನೂ ವರ್ಷಗಳು ಬೇಕು."

"ಕಾಯ್ತೀನಿ."

"ಹುಲ್ಲು ಯಾರು ಹೊರ್ತಾರೆ?"

"ನಾನು."

"ನಿಮ್ಮಜ್ಜಿಯ ಹಟವೇ ಇದು," ಎಂದು ಗೊಣಗುತ್ತ ಮಾಮ ಟ್ರೈಲರ್‌ನವರ ಜೊತೆ ಮಾತಾಡಲು ಹೋದ. ಸ್ವಲ್ಪ ಹೊತ್ತಿಗೆ ಟ್ರೈಲರ್ ಬಂದ ದಾರಿಯಲ್ಲೇ ತಿರುಗಿತು. ಧೂಳು ಇಳಿಯುವವರೆಗೂ ಜೋಲೀನ್ ಅದನ್ನೇ ನೋಡುತ್ತಿದ್ದಳು.

ಸಂಜೆ ಪೌಡರನ್ನು ಕೊಟ್ಟಿಗೆಗೆ ಕರೆದುಕೊಂಡು ಹೊರಟಳು. ಬೆಟ್ಟದ ನೆರಳು ಅಂಗಳಕ್ಕೆ ಬಂದಿತ್ತು. ಪೌಡರ್ ಗಕ್ಕನೆ ನಿಂತು ಕಿವಿ ನಿಮಿರಿಸಿತು. ಜೋಲೀನ್ ಹಗ್ಗ ಎಳೆಯಹೋದಳು; ಎಳೆಯಲಿಲ್ಲ. ಹಗಲಲ್ಲಿ ಇದೇ ಕಣ್ಣಿನ ಮಾತೆತ್ತಿ ಅವಳು ಗೆದ್ದಿದ್ದಳು. ಪೌಡರ್‌ಗೋ, ಈಗ ಎದುರಿಗೆ ಬರೀ ಕತ್ತಲು.

ದಾರಿಯಲ್ಲಿದ್ದ ಬಕೆಟ್ಟನ್ನು ಯಾರೋ ಎತ್ತಿ ಬೇಲಿಗೆ ನೇತುಹಾಕಿದ ಸದ್ದಾಯಿತು. ಕೋಡಿ.

ಜೋಲೀನ್ ಮುಂದೆ ಬಂದು ನಾಲಿಗೆಯಿಂದ ಲೊಚ್ ಲೊಚ್ ಎಂದು ಸದ್ದು ಮಾಡಿದಳು. ಒಂದು ಹೆಜ್ಜೆ ಇಟ್ಟು ಕಾದಳು. ಹಿಂದಿನಿಂದ ಪೌಡರ್‌ನ ಗೊರಸು ಟಕ್ ಎಂದಿತು. ಆಮೇಲೆ ಅವಳು ಇನ್ನೊಂದು ಹೆಜ್ಜೆ ಇಟ್ಟಳು.