ನಿಟ್ಟುಸಿರಿನ ಕೋಟೆ

ಬಲು ಹಿಂದೆ, ಬೆಟ್ಟಗಳು ಇನ್ನೂ ತಮಗೆ ಬೇಕಾದ ಜಾಗ ಹುಡುಕಿಕೊಂಡು ಕೂರುತ್ತಿದ್ದ ಕಾಲದಲ್ಲಿ, ತುಂಬೆಗಿರಿ ಎಂಬ ರಾಜ್ಯವಿತ್ತು. ಆ ರಾಜ್ಯದಲ್ಲಿ ಯಾರೂ ಯಾರನ್ನೂ ‘ನಿನಗೇನು ಇಷ್ಟ’ ಎಂದು ಕೇಳುತ್ತಿರಲಿಲ್ಲ. ಮಗುವಿಗೆ ಆರು ತಿಂಗಳು ತುಂಬಿದ ದಿನ ಚಾಪೆ ಹಾಸಿ, ಸುತ್ತಿಗೆ, ಸೂಜಿ, ಸೌಟು, ಕುಡುಗೋಲು ಎಲ್ಲವನ್ನೂ ಸಾಲಾಗಿಟ್ಟು, ಮಗುವನ್ನು ಎದುರಿಗೆ ಕೂರಿಸುತ್ತಿದ್ದರು. ಅದು ಯಾವುದನ್ನು ಹಿಡಿಯಿತೋ ಅದೇ ಅದರ ಕಸುಬು, ಸಾಯುವ ತನಕ. ಆರು ತಿಂಗಳ ಕೂಸು ಕೈಗೆ ಸಿಕ್ಕಿದ್ದನ್ನೆಲ್ಲ ಹಿಡಿಯುವುದು ಬಾಯಿಗೆ ಹಾಕಿಕೊಳ್ಳಲು ಎಂಬ ಸಣ್ಣ ಸಂಗತಿ ಆ ಜಾಣರ ತಲೆಗೆ ಹೋಗಲೇ ಇಲ್ಲ.

ಈ ಪದ್ಧತಿ ಹೇಳಿಕೊಟ್ಟವನು ಶಿಲಾಕೇತನೆಂಬ ಮಾಂತ್ರಿಕ. ಮನಸ್ಸಿಲ್ಲದ ಕೆಲಸ ಮಾಡುವವರು ಬಿಡುವ ನಿಟ್ಟುಸಿರು ಅವನಿಗೆ ಬೇಕಿತ್ತು. ಒಂದೊಂದು ನಿಟ್ಟುಸಿರೂ ಕರಿಬೆಟ್ಟದ ತುದಿಗೆ ತೇಲಿ ಹೋಗಿ, ಕಲ್ಲಾಗಿ, ಅವನ ಕೋಟೆಯ ಗೋಡೆ ಸೇರುತ್ತಿತ್ತು. ಬಿಟ್ಟವರ ಬೆರಳುಗಳೂ ಒಂದೊಂದಾಗಿ ಕಲ್ಲಾಗುತ್ತಿದ್ದವು. ಜನ ಅದನ್ನು ವಯಸ್ಸಿನ ಕಾಯಿಲೆ ಅಂದುಕೊಂಡು ಎಣ್ಣೆ ಹಚ್ಚಿಕೊಂಡು ಸುಮ್ಮನಿದ್ದರು.

ಆ ಊರಲ್ಲಿ ದುಂಡವ್ವ ಎಂಬ ಹುಡುಗಿ ಇದ್ದಳು. ಹೆಸರು ದುಂಡವ್ವ, ಆಳು ಮಾತ್ರ ಕಡ್ಡಿ. ಕೂಸಾಗಿದ್ದಾಗ ಸುತ್ತಿಗೆ ಹಿಡಿದ ತಪ್ಪಿಗೆ ಸೋದರಮಾವ ಕರಿಬಸವನ ಕುಲುಮೆಯಲ್ಲಿ ಕಬ್ಬಿಣ ಬಡಿಯುತ್ತಿದ್ದಳು. ಅವಳು ಮಾಡಿದ ಕುಡುಗೋಲು ಹುಲ್ಲು ಕೊಯ್ಯುತ್ತಿರಲಿಲ್ಲ. ಏಕೆಂದರೆ ಬಡಿಯುತ್ತ ಬಡಿಯುತ್ತ ಅವಳು ಅಂಚನ್ನು ನೋಡುವುದು ಬಿಟ್ಟು ದನಿಯನ್ನು ಕೇಳುತ್ತ ನಿಂತುಬಿಡುತ್ತಿದ್ದಳು.

“ಇದೇನೇ ದುಂಡವ್ವಾ, ಕುಡುಗೋಲಿಗೆ ಕಿವಿ ಕೊಟ್ಟರೆ ಅದು ಹರಿತ ಆಗ್ತದಾ?” ಎನ್ನುತ್ತಿದ್ದ ಮಾವ. ಬೈಗುಳದಲ್ಲಿ ಬಿರುಸಿರಲಿಲ್ಲ. ಅವನ ಎರಡು ಕೈಯೂ ಮಣಿಕಟ್ಟಿನವರೆಗೆ ಕಲ್ಲಾಗಿದ್ದವು. ಅವನಿಗೆ ತುತ್ತು ಉಣಿಸುತ್ತಿದ್ದವಳು ಅವಳೇ.

ಒಂದು ಚಳಿಗಾಲದ ಮುಂಜಾನೆ ದುಂಡವ್ವ ನಿಟ್ಟುಸಿರು ಬಿಟ್ಟಳು. ಎಡಗೈಯ ಐದನೆಯ ಬೆರಳೂ ಕಲ್ಲಾಯಿತು. ಬಾಯಿಂದ ಹೊರಟ ಬಿಳಿ ಉಸಿರು ಕರಗದೆ, ಕಿಟಕಿ ದಾಟಿ, ಬೆಟ್ಟದ ಕಡೆ ಹೊರಟಿತು. ಬಲಗೈಯೂ ಹೋದರೆ ಇನ್ನು ಬಡಿದು ಕೇಳುವುದು ಹೇಗೆ? ಸುತ್ತಿಗೆ ಸೊಂಟಕ್ಕೆ ಸಿಕ್ಕಿಸಿಕೊಂಡು ತನ್ನ ಉಸಿರಿನ ಹಿಂದೆಯೇ ನಡೆದಳು.

ಕರಿಬೆಟ್ಟದ ಮೇಲೆ ನಿಂತು ತಲೆ ಎತ್ತಿದಾಗ ಅವಳ ಉಸಿರು ಕಣ್ಣೆದುರೇ ಕಲ್ಲಾಗಿ ಕೋಟೆಯ ಗೋಡೆ ಸೇರಿತು. ಕೋಟೆಯ ಬುರುಜುಗಳ ಕೆಳಗೆ ಮೋಡ ಹಾಯುತ್ತಿದ್ದವು. ಹದ್ದುಗಳು ಅರ್ಧದವರೆಗೆ ಹಾರಿ ದಣಿದು ಕೂರುತ್ತಿದ್ದವು. ಇಷ್ಟೂ ನಮ್ಮೂರಿನವರ ಬೇಸರವೇ ಎಂದು ಅವಳ ಕಣ್ಣಲ್ಲಿ ನೀರು ಬಂತು.

ಮೊದಲ ಬಾಗಿಲಲ್ಲಿ ಕಲ್ಲಿನ ಹೆಬ್ಬುಲಿ ಮಲಗಿತ್ತು. ಬಾಗಿಲ ಹಿಂದಿನಿಂದ ಮಾಂತ್ರಿಕನ ದನಿ ಕೇಳಿತು: “ಯಾರಲ್ಲಿ? ನಿನ್ನ ಕೆಲಸ ಯಾವುದು?”

“ಕಮ್ಮಾರಿಕೆ,” ಎಂದಳು ದುಂಡವ್ವ. ಬಲಗೈಯ ಕಿರುಬೆರಳು ಕಲ್ಲಾಯಿತು.

ಹುಲಿ ಬಾಯಿ ತೆರೆಯಿತು, ಗರ್ಜನೆ ಬರಲಿಲ್ಲ. ಪಾಪ, ಗಂಟಲಲ್ಲಿ ಏನೋ ಸಿಕ್ಕಿಕೊಂಡಿತ್ತು. ದುಂಡವ್ವ ಹೆದರುವುದನ್ನು ಮರೆತು ಅದರ ಕತ್ತಿನ ಮೇಲೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತ ಹೋದಳು. ಟಕ್, ಟಕ್, ಟೊಕ್. ದನಿ ಮಂಕಾದ ಕಡೆ ಒಂದೇ ಒಂದು ಏಟು ಹಾಕಿದಳು. ಹುಲಿ ಗರ್ಜಿಸಿತು. ಬಾಗಿಲು ತಾನೇ ತೆರೆಯಿತು.

ಎರಡನೆಯ ಬಾಗಿಲಲ್ಲಿ ಏಳು ಹೆಡೆಯ ಸರ್ಪ. ಏಳೂ ಹೆಡೆ ಒಂದೊಂದು ದನಿಯಲ್ಲಿ ಬುಸುಗುಟ್ಟಿ ಒಂದನ್ನೊಂದು ಕಚ್ಚುತ್ತಿದ್ದವು.

“ನಿನ್ನ ಕೆಲಸ ಯಾವುದು?”

“ಗೊತ್ತಿಲ್ಲ,” ಎಂದಳು ದುಂಡವ್ವ. ಈ ಸಲ ಬೆರಳು ಕಲ್ಲಾಗಲಿಲ್ಲ.

ಅವಳು ಕಣ್ಣು ಮುಚ್ಚಿ ಕೇಳಿದಳು. ಎಲ್ಲಕ್ಕಿಂತ ದಪ್ಪ ದನಿಯ ಹೆಡೆಯನ್ನು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಮೊದಲು ಬುಸುಗುಡಿಸಿದಳು, ಆಮೇಲೆ ಅದಕ್ಕಿಂತ ಮೇಲಿನ ದನಿಯದನ್ನು, ಆಮೇಲೆ ಇನ್ನೂ ಮೇಲಿನದನ್ನು. ಏಳೂ ಸರದಿಯಲ್ಲಿ ಬುಸುಗುಟ್ಟಿದಾಗ ಅದು ಹಾಡಾಯಿತು. ಅಂಥ ಹಾಡನ್ನು ಆ ಬೆಟ್ಟ ಕೇಳಿಯೇ ಇರಲಿಲ್ಲ. ಸರ್ಪ ಜಗಳ ಮರೆತು ದಾರಿ ಬಿಟ್ಟಿತು. ದುಂಡವ್ವನಿಗೆ ಮೈಯೆಲ್ಲ ಜುಮ್ಮೆಂದಿತು. ಹಸಿವು, ಚಳಿ ಯಾವುದೂ ನೆನಪಿಗೆ ಬರಲಿಲ್ಲ.

ಮೂರನೆಯ ಬಾಗಿಲ ಒಳಗೆ ದೊಡ್ಡ ಸಭಾಂಗಣ. ಶಿಲಾಕೇತ ಕಲ್ಲಿನ ಸಿಂಹಾಸನದ ಮೇಲಿದ್ದ. ಅವನ ಮುಂದೆ ಹತ್ತು ಸಾವಿರ ಚಿನ್ನದ ಸಲಕರಣೆಗಳು ಝಗಝಗಿಸುತ್ತಿದ್ದವು.

“ಲೋಕದ ಎಲ್ಲ ಕಸುಬೂ ಇಲ್ಲಿದೆ ಮಗಳೇ. ಯಾವುದು ಬೇಕೋ ತಗೋ. ತಪ್ಪಾಗಿ ಮುಟ್ಟಿದರೆ ನೆತ್ತಿಯವರೆಗೆ ಕಲ್ಲಾಗ್ತೀಯ. ಹೇಳು, ನಿನ್ನ ಕೆಲಸ ಯಾವುದು?”

ದುಂಡವ್ವ ಸಾಲು ಸಾಲಾಗಿ ನೋಡುತ್ತ ನಡೆದಳು. ಚಿನ್ನದ ವೀಣೆ ಇತ್ತು, ಚಿನ್ನದ ಕೊಳಲಿತ್ತು. ಆಸೆಯಾಯಿತು. ಕೈ ಚಾಚಿ, ಹಿಂದಕ್ಕೆಳೆದುಕೊಂಡಳು.

“ನನ್ನದು ಇದರಲ್ಲಿ ಇಲ್ಲ.”

“ಇಲ್ಲದ ಕೆಲಸ ಕೆಲಸವೇನೇ?”

“ಇಷ್ಟು ದಿನ ಯಾರೂ ಮಾಡಿಲ್ಲ, ಅಷ್ಟೇ. ಮೂಕ ವಸ್ತುವಿನ ಒಳಗೆ ದನಿ ಇರ್ತದೆ. ಅದನ್ನ ಹುಡುಕಿ ಹೊರಗೆ ತರೋದು ನನ್ನ ಕೆಲಸ.”

ಮಾತು ಮುಗಿಯುವುದರೊಳಗೆ ಅವಳ ಆರು ಕಲ್ಲು ಬೆರಳೂ ಬೆಚ್ಚಗಾಗಿ ಮಿಸುಕಿದವು. ಶಿಲಾಕೇತ ಬೆಚ್ಚಿ ಎದ್ದ. ಅವಳು ಅಷ್ಟರಲ್ಲಿ ಗೋಡೆಗೆ ಕಿವಿ ಹಚ್ಚಿದ್ದಳು. ಕಲ್ಲಿನ ಒಳಗೆ ಯಾರೋ ಉಸಿರಾಡುತ್ತಿದ್ದರು. ಆ ಉಸಿರಿನ ಗುರುತು ಅವಳಿಗೆ ಚೆನ್ನಾಗಿ ಗೊತ್ತಿತ್ತು.

“ಮಾವಾ!” ಎಂದು ಕೂಗಿ ಸುತ್ತಿಗೆ ಬೀಸಿದಳು.

ಕಲ್ಲು ಒಡೆಯಲಿಲ್ಲ, ಹಾಡಿತು. ಪಕ್ಕದ ಕಲ್ಲು ದನಿಗೂಡಿಸಿತು, ಅದರ ಪಕ್ಕದ್ದೂ ಹಾಡಿತು. ಬುರುಜು, ಕಮಾನು, ಕಂಬ ಎಲ್ಲವೂ ಹಾಡುತ್ತ ಹಾಡುತ್ತ ಗಾಳಿಯಾಗಿ ಬಿಚ್ಚಿಕೊಂಡವು. ಮುನ್ನೂರು ವರ್ಷದ ನಿಟ್ಟುಸಿರು ಹಾಡಾಗಿ ಆಕಾಶ ತುಂಬಿತು. ಶಿಲಾಕೇತನೂ ಅದೇ ಕಲ್ಲಿನವನು. ಅವನ ಕಿರೀಟ ಮೊದಲು ಕರಗಿತು, ಗಡ್ಡ ಆಮೇಲೆ, ಕೋಪ ಎಲ್ಲಕ್ಕಿಂತ ಕೊನೆಗೆ. ಬರಿಯ ಬೆಟ್ಟದ ಮೇಲೆ ಬಿಸಿಲು ಬಿತ್ತು. ದುಂಡವ್ವ ಸುತ್ತಿಗೆ ಮತ್ತೆ ಸೊಂಟಕ್ಕೆ ಸಿಕ್ಕಿಸಿಕೊಂಡು ಬೆಟ್ಟ ಇಳಿದಳು.

ಊರಿಗೆ ಬಂದರೆ ಬೀದಿಯಲ್ಲಿ ಜನವೋ ಜನ. ಎಲ್ಲರೂ ತಮ್ಮ ಕೈ ತಾವೇ ತಿರುಗಿಸಿ ನೋಡಿಕೊಳ್ಳುತ್ತಿದ್ದರು. ಸೌದೆ ಒಡೆಯುವವನು ಮಕ್ಕಳನ್ನು ಗುಡ್ಡೆ ಹಾಕಿಕೊಂಡು ಕತೆ ಹೇಳುತ್ತಿದ್ದ. ಬಟ್ಟೆ ಹೊಲಿಯುವ ಚಿಪ್ಪಿಗನ ಹೆಂಡತಿ ಬಾವಿ ತೋಡಲು ಸೊಂಟ ಕಟ್ಟಿ ನಿಂತಿದ್ದಳು. ರಾಜನೇ ಸಿಂಹಾಸನದಿಂದ ಇಳಿದು, ಜೇನು ಸಾಕುತ್ತೇನೆಂದು ಕಾಡಿಗೆ ಹೊರಟಿದ್ದನಂತೆ. ಮಂತ್ರಿಗೆ ಆಳುವುದೆಂದರೆ ಪ್ರಾಣ, ಹೀಗಾಗಿ ಯಾರಿಗೂ ತೊಂದರೆಯಾಗಲಿಲ್ಲ.

ಕರಿಬಸವ ಮಾತ್ರ ಕುಲುಮೆಯ ಮೂಲೆಯಲ್ಲಿ ಮೆತ್ತಗಾದ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದ.

“ಯಾಕೆ ಮಾವ, ನಿನಗೇನು ಇಷ್ಟ?”

ಅರವತ್ತು ವರ್ಷದಲ್ಲಿ ಆ ಮಾತನ್ನು ಅವನಿಗೆ ಯಾರೂ ಕೇಳಿರಲಿಲ್ಲ. ಅವನು ಮೀಸೆಯ ಮೇಲೆ ಕೈಯಾಡಿಸಿದ.

“ನಗಬಾರದು ನೋಡು. ಹೂ ಕಟ್ಟೋದು ಅಂದ್ರೆ... ಈ ವಯಸ್ಸಿಗೆ, ಈ ಮೀಸೆ ಇಟ್ಟುಕೊಂಡು...”

ದುಂಡವ್ವ ನಗಲಿಲ್ಲ. ಹಿತ್ತಲಿಗೆ ಓಡಿ ಮಡಿಲ ತುಂಬ ಮಲ್ಲಿಗೆ ತಂದು ಅವನ ಮುಂದೆ ಸುರಿದಳು. ಆ ದಪ್ಪ ಬೆರಳುಗಳು ಒಂದು ಮೊಗ್ಗನ್ನು ಎತ್ತಿಕೊಂಡವು, ಕೆಳಗೆ ಬೀಳಿಸಿದವು, ಮತ್ತೆ ಎತ್ತಿಕೊಂಡವು. ತುಂಬೆಗಿರಿಯವರಂತೂ ಅಂದಿನಿಂದ ಸುಖವಾಗಿದ್ದರು. ಕೇಳಿದ ನಿಮಗೂ ಹೇಳಿದ ನನಗೂ ಅಂಥದೇ ದಿನ ಬರಲಿ.