ನೀಲಿ ಹಾಂಡೆಯ ಮೊದಲ ಸಾಲು

"ಈ ನಾಲ್ಕು ಸಾಲು ನಿಮಗೆ ಎಲ್ಲಿ ಸಿಕ್ಕವು?"

ಕಾಲೇಜಿನ ಲೈಬ್ರರಿಯಲ್ಲಿ ಅಷ್ಟು ಗಟ್ಟಿಯಾಗಿ ಯಾರೂ ಮಾತಾಡುವುದಿಲ್ಲ. ನಸೀಮಾ ಬೆಚ್ಚಿ ತಲೆಯೆತ್ತಿದಳು.

ಎದುರಿಗೆ ನಿಂತಿದ್ದವನು ಹಿದಾಯತ್. ಬಟ್ಟೆಗೆ ಬಣ್ಣ ಹಾಕುವ ಕಸುಬಿನ ಮೇಲೆ ಧಾರವಾಡದ ಯೂನಿವರ್ಸಿಟಿಗೆ ಥೀಸಿಸ್ ಬರೆದು, ಅದರದೊಂದು ಟೈಪು ಪ್ರತಿಯನ್ನು ಇದೇ ದಾವಣಗೆರೆಯ ಲೈಬ್ರರಿಗೆ ಕೊಟ್ಟವನು. ಪ್ರಿನ್ಸಿಪಾಲರು ಕೇಳಿಕೊಂಡರೆಂದು ಪ್ರಬಂಧ ಸ್ಪರ್ಧೆಯ ಕಾಗದಗಳನ್ನು ತಿದ್ದಲು ಬಂದಿದ್ದ. ಈಗ ಅವನ ಒಂದು ಕೈಯಲ್ಲಿ ಅವಳ ಪ್ರಬಂಧ, ಇನ್ನೊಂದರಲ್ಲಿ ಅವನ ಥೀಸಿಸ್.

"ಬರೆದೋಳು ನಾನು. ಮತ್ತೆಲ್ಲಿ ಸಿಗ್ತಾವ್ರಿ?" ಎಂದಳು ನಸೀಮಾ.

ಅವನು ಓದಿದ. "‘ನೀಲಿ ಹಾಂಡೆಯನ್ನು ಕೂಸಿನ ಹಾಗೆ ನೋಡಿಕೊಳ್ಳಬೇಕು. ಬೆಚ್ಚಗಿರಬೇಕು, ಸುಡಬಾರದು. ಮುಚ್ಚಿರಬೇಕು, ಉಸಿರು ಕಟ್ಟಬಾರದು. ಅವಸರ ಮಾಡಿದವಳಿಗೆ ಬಣ್ಣ ಬೆನ್ನು ತೋರಿಸುತ್ತದೆ.’ ಇದು ನನ್ನ ಥೀಸಿಸ್ಸಿನ ನಲವತ್ತೊಂದನೇ ಪುಟದಾಗೆ ಐತೆ. ಒಂದಕ್ಷರ ಆಚೀಚೆ ಇಲ್ಲ."

ಕೋಪದಿಂದ ನಸೀಮಾಳ ಕಿವಿ ಬಿಸಿಯಾಯಿತು. ಈ ಮನುಷ್ಯ ನನ್ನನ್ನು ಕಳ್ಳಿ ಅನ್ನುತ್ತಿದ್ದಾನೆ... ಆದರೂ ಇವನ ಕಣ್ಣು ಎಷ್ಟು ಚೆನ್ನಾಗಿವೆ! ಮನಸ್ಸಿಗೆ ಹೊತ್ತುಗೊತ್ತು ಎಂಬುದೇ ಇಲ್ಲ ನೋಡಿ. ಇಂಥ ಹೊತ್ತಿನಲ್ಲೇ ಅದು ಇಂಥ ಲೆಕ್ಕ ಹಾಕುತ್ತದೆ.

ಪ್ರಿನ್ಸಿಪಾಲ್ ಪಂಚಾಕ್ಷರಪ್ಪನವರು ಒಳ್ಳೆಯವರೇ. ಆದರೆ ನಕಲು ಎಂದರೆ ಉರಿದುಬೀಳುವವರು. ಸುದ್ದಿ ತಿಳಿದು ಇಬ್ಬರನ್ನೂ ತಮ್ಮ ಕೋಣೆಗೆ ಕರೆಸಿದರು.

"ಥೀಸಿಸ್ ಒಂದು ತಿಂಗಳಿಂದ ಲೈಬ್ರರಿಯಾಗೇ ಐತೆ ತಾಯಿ. ನೀನೂ ದಿನಾ ಅಲ್ಲೇ ಕೂಡ್ತಿ. ನಾನೇನು ತಿಳ್ಕೋಬೇಕು?"

"ಸರ್, ಅದು ನಮ್ಮನೆ ಮಾತು. ಸಣ್ಣೋಳಿದ್ದಾಗಿಂದ ಕೇಳೀನಿ."

"ನಿಮ್ಮನೆ ಮಾತು ಇವರ ಥೀಸಿಸ್ಸಿಗೆ ಹೆಂಗೆ ಬಂತು?"

ನಸೀಮಾ ಹಿದಾಯತ್‌ನ ಕಡೆ ನೋಡಿದಳು. "ನೀವಾದ್ರೂ ಹೇಳ್ರಿ."

ಹಿದಾಯತ್ ಏನೋ ನೆನಪಾದವನಂತೆ ಬಾಯಿ ತೆರೆದು ಮತ್ತೆ ಮುಚ್ಚಿದ. ಮುಖ ಬಿಳಿಚಿಕೊಂಡಿತು.

"ಸೋಮವಾರದೊಳಗೆ ಇದು ನಿಂದು ಅಂತ ತೋರ್ಸು," ಎಂದರು ಪಂಚಾಕ್ಷರಪ್ಪನವರು. "ಇಲ್ದಿದ್ರೆ ನಿನ್ನನ್ನ ಈ ವರ್ಷ ಪರೀಕ್ಷೆಗೆ ಕೂರ್ಸೋಕಾಗಲ್ಲ."

ಪರೀಕ್ಷೆ ಇಲ್ಲವೆಂದರೆ ಬಿ.ಎ. ಇಲ್ಲ. ಬಿ.ಎ. ಇಲ್ಲವೆಂದರೆ ಹೈಸ್ಕೂಲು ಟೀಚರಾಗುವ ಕನಸೂ ಇಲ್ಲ. ಹುಡುಗಿಗೆ ಕಾಲೇಜು ಯಾಕ ಎಂದ ನೆಂಟರಿಗೆಲ್ಲ ಉತ್ತರ ಕೊಟ್ಟು ಓದಿಸಿದ ಅಬ್ಬಾ ಹಯಾತ್ ಸಾಬ್, ನಾಳೆ ಅವರೆದುರು ತಲೆ ತಗ್ಗಿಸಬೇಕು. ನಸೀಮಾ ದಾರಿಯುದ್ದಕ್ಕೂ ಅತ್ತಳು. ಅಳುತ್ತಲೇ ಅವನನ್ನು ಬೈದಳು. ಕಲ್ಲು ಮನುಷ್ಯ! ಒಂದು ಮಾತಾಡಿದ್ದರೆ ಗಂಟೇನು ಹೋಗುತ್ತಿತ್ತು?

ಭಾನುವಾರ ಬೆಳಿಗ್ಗೆ ಅಪ್ಪ ಮಗಳು ರೈಲು ಹತ್ತಿ ಹರಿಹರಕ್ಕೆ ಹೋದರು. ನಾನಿ ಖತೀಜಾಬೀ, ಅಂದರೆ ನಸೀಮಾಳ ತಾಯಿಯ ತಾಯಿ, ಅಲ್ಲಿ ಇವತ್ತಿಗೂ ನೂಲಿಗೆ ಬಣ್ಣ ಹಾಕುತ್ತಾಳೆ. ಆ ಮಾತು ಕೇಳಿದ್ದು ಅವಳ ಬಾಯಿಂದ. ಅವಳನ್ನೇ ಕಾಲೇಜಿಗೆ ಕರೆತಂದು ಹೇಳಿಸಿದರಾಯಿತು ಎಂಬುದು ನಸೀಮಾಳ ಉಪಾಯ.

ಅಂಗಳಕ್ಕೆ ಕಾಲಿಟ್ಟರೆ, ನೂಲು ಅದ್ದುವ ನೀಲಿ ಬಣ್ಣದ ಹಾಂಡೆಯ ಪಕ್ಕ ಮಣೆಯ ಮೇಲೆ ಚಾ ಕುಡಿಯುತ್ತ ಕೂತವನು ಯಾರು? ಹಿದಾಯತ್!

"ನೀವಿಲ್ಲಿ ಯಾಕ ಬಂದ್ರಿ?"

ಅವನು ಗಡಬಡಿಸಿ ಎದ್ದ. "ಹೋದ ವರ್ಷ ಇಪ್ಪತ್ತು ಊರು ತಿರುಗಿದೀನ್ರಿ. ಆ ಮಾತು ಹೇಳಿದ್ದು ಇವರೇನಾ ಅಂತ ಖಾತ್ರಿ ಇರಲಿಲ್ಲ. ಅರ್ಧಂಬರ್ಧ ಗೊತ್ತಿದ್ದು ಮಾತಾಡಬಾರದು ಅಂತ ಅವತ್ತು ಸುಮ್ನಿದ್ದೆ. ಇವರಿಗೆ ನೀವು ಮೊಮ್ಮಗಳು ಅಂತ ಈಗ ಗೊತ್ತಾಯ್ತು."

ಮೊಣಕೈವರೆಗೂ ನೀಲಿಯಾಗಿದ್ದ ನಾನಿ ಇಬ್ಬರನ್ನೂ ನೋಡಿದಳು. "ಜಗಳ ಆಮೇಲೆ. ಕೂಡ್ರಿ ಇಬ್ರೂ. ನಾ ಹೇಳ್ತೀನಿ, ನಿಮ್ಮ ಕಾಗದ ನೋಡ್ಕೊಳ್ರಿ."

ಬಣ್ಣದವರ ಮನೆಯಲ್ಲಿ ಒಂದು ರೂಢಿ. ಹಾಂಡೆಯ ಮುಚ್ಚಳ ತೆಗೆಯುವ ಮುಂಚೆ ಕಲಿತ ಪಾಠವನ್ನು ಬಾಯಲ್ಲಿ ಹೇಳಬೇಕು. ಒಂದು ಮಾತು ತಪ್ಪಿದರೂ ಬಣ್ಣ ಕೆಡುತ್ತದೆಂದು ಅಂಜಿಕೆ. ಅದಕ್ಕೇ ಯಾರು ಯಾವಾಗ ಕೇಳಿಸಿಕೊಂಡರೂ ಅವೇ ಮಾತು.

ನಾನಿ ಕಣ್ಣು ಮುಚ್ಚಿ ಶುರು ಮಾಡಿದಳು. "ಇದು ಗುತ್ತೂರು ಗಿರಿಯಮ್ಮನ ಮಾತು, ನಾನು ಕಾಯೋಳು ಅಷ್ಟೆ. ನೀಲಿ ಹಾಂಡೆನ ಕೂಸಿನ ಹಂಗೆ ನೋಡ್ಕೋಬೇಕು..."

ಪೂರ್ತಿ ಹೇಳಿ ಕಣ್ಣು ಬಿಟ್ಟಳು. "ನಂಗೆ ಈ ಕಸುಬು ಕಲಿಸಿದೋಳು ಗಿರಿಯಮ್ಮ. ನಿಮ್ಮ ಕಾಗದದಾಗೆ ಆ ಮೊದಲ್ನೇ ಸಾಲು ಎಲ್ಲೈತೆ?"

ಇಬ್ಬರ ಕಾಗದದಲ್ಲೂ ಇರಲಿಲ್ಲ.

"ಹಳ್ಳಿ ಹೆಂಗಸಿನ ಹೆಸರು ಹಾಕಿದ್ರೆ ಕಾಲೇಜಿನಾಗೆ ನಗ್ತಾರೆ ಅನ್ಕೊಂಡೆ ನಾನಿ," ಎಂದಳು ನಸೀಮಾ, ಸಣ್ಣ ದನಿಯಲ್ಲಿ.

"ನಾನು ಹದಿನಾರು ಇಂಗ್ಲಿಷ್ ಪುಸ್ತಕದ ಹೆಸರು ಹಾಕೀನಿ ಅಮ್ಮಾ," ಎಂದ ಹಿದಾಯತ್. "ನೀವು ಪುಸ್ತಕ ಅಲ್ಲ ಅಂತ ಬಿಟ್ಟೆ."

"ಹೌದಪ್ಪ, ನಾ ಪುಸ್ತಕ ಅಲ್ಲ. ಮೂರು ದಿನ ನಿಂಗೆ ಚಾ ಮಾಡಿ ಕೊಟ್ಟೆನಲ್ಲ, ಯಾವ ಪುಸ್ತಕ ಕೊಡ್ತೈತೆ?"

ಹಯಾತ್ ಸಾಬ್ ಗೊಳ್ಳೆಂದು ನಕ್ಕರು. ನಾನಿ ನಗಲಿಲ್ಲ.

"ನೀವು ಕದಿಯೋ ಮಕ್ಕಳಲ್ಲ, ಗೊತ್ತೈತೆ ನಂಗೆ. ನೀವು ನಾಚಿಕಿ ಪಟ್ರಿ. ಕದ್ದೋರೂ ಹೆಸರು ಹೇಳಲ್ಲ, ನಾಚಿದೋರೂ ಹೆಸರು ಹೇಳಲ್ಲ. ಗಿರಿಯಮ್ಮಗೆ ಎರಡೂ ಒಂದೇ."

ಮೊನ್ನೆ ಅವನ ಮೇಲೆ ಕಾರಿದ ಕೋಪವನ್ನೆಲ್ಲ ಎಲ್ಲಿಡುವುದೆಂದು ನಸೀಮಾಳಿಗೆ ತಿಳಿಯದಾಯಿತು. ತಾನೂ ಅವನೂ ಒಂದೇ ತಪ್ಪು ಮಾಡಿದವರು.

ಸೋಮವಾರ ಅವಳು ಪ್ರಿನ್ಸಿಪಾಲರ ಕೋಣೆಗೆ ಹೋಗುವಷ್ಟರಲ್ಲಿ ಹಿದಾಯತ್ ಅಲ್ಲಿ ನಿಂತಿದ್ದ.

"ಸರ್, ಇವರು ನಂದು ಕದ್ದಿಲ್ಲ. ಇಬ್ರೂ ಒಂದೇ ಕಡೆಯಿಂದ ತಗೊಂಡು ಹೆಸರು ಬಿಟ್ಟೀವಿ. ನಾನು ಥೀಸಿಸ್ ವಾಪಸ್ ತಗೊಂಡು ತಿದ್ತೀನಿ."

"ಡಿಗ್ರಿ ಆರು ತಿಂಗಳು ಹಿಂದಕ್ಕೆ ಬೀಳ್ತೈತಲ್ರಿ. ಸುಮ್ನಿದ್ದಿದ್ರೆ ಯಾರಿಗೂ ಗೊತ್ತಾಗ್ತಿರಲಿಲ್ಲ."

"ನಂಗೆ ಗೊತ್ತಾಗೇತಲ್ಲ ಸರ್."

ನಸೀಮಾಳಿಗೆ ಎದೆ ತುಂಬಿ ಬಂತು. ಇವನನ್ನೇ ನಾನು ಕಲ್ಲು ಮನುಷ್ಯ ಅಂದಿದ್ದು... ಅಲ್ಲಿಗೆ ಅವಳ ಕಥೆ ಮುಗಿಯಿತು ಎನ್ನಿ. ಅವಳ ಮನಸ್ಸು ಅವಳ ಕೈ ಬಿಟ್ಟಿತು.

ಪಂಚಾಕ್ಷರಪ್ಪನವರು ಅವಳ ಮುಂದೆ ಖಾಲಿ ಹಾಳೆ ಇಟ್ಟರು. "ಇಲ್ಲೇ ಕೂತು ಮತ್ತೆ ಬರಿ. ಅವರ ಮಾತು ಬಂದಲ್ಲಿ ಗುರುತು ಹಾಕು, ಯಾರದು ಅಂತ ಹೇಳು. ಮಿಕ್ಕಿದ್ದು ನಿನ್ನ ತಲೆಯಿಂದ ಬರ್ಲಿ."

ಅವಳು ಗಿರಿಯಮ್ಮನ ಹೆಸರಿನಿಂದಲೇ ಆರಂಭಿಸಿದಳು. ಆಮೇಲೆ, ಒಣಹಾಕಿದ ನೀಲಿ ನೂಲಿನ ಹಿಂದೆ ಚಿಕ್ಕಂದಿನಲ್ಲಿ ಅಡಗಿಕೊಂಡು ಮೂಗು ನೀಲಿ ಮಾಡಿಕೊಂಡದ್ದನ್ನು ಬರೆದಳು. ಅದು ಯಾರ ಪುಸ್ತಕದಲ್ಲೂ ಇರಲಿಲ್ಲ. ಬಹುಮಾನ ಬೇರೆಯವರಿಗೆ ಹೋಯಿತು, ಹೋಗಲಿ. ಪರೀಕ್ಷೆಯ ಹಾಲ್ ಟಿಕೆಟ್ ಕೈಗೆ ಬಂತು.

ಫಲಿತಾಂಶದ ದಿನ, ಪಾಸಾದ ಖುಷಿಯಲ್ಲಿ ಅವಳು ಲೈಬ್ರರಿ ಪುಸ್ತಕಗಳನ್ನು ಹಿಂತಿರುಗಿಸಲು ಬಂದಾಗ ಹಿದಾಯತ್ ಕಾಯುತ್ತಿದ್ದ. ತಿದ್ದಿದ ಥೀಸಿಸ್ಸಿನ ನಲವತ್ತೊಂದನೇ ಪುಟ ತೆಗೆದು ತೋರಿಸಿದ. ಪುಟದ ಅಡಿಯಲ್ಲಿ ಗುತ್ತೂರಿನ ಗಿರಿಯಮ್ಮ, ಹರಿಹರದ ಖತೀಜಾಬೀ, ಇಬ್ಬರೂ ಇದ್ದರು.

ಅದರೊಳಗೆ ಮಡಿಸಿದ ಚೀಟಿಯೊಂದಿತ್ತು. ಅವಳು ಬಿಡಿಸಿದಳು.

‘ನಸೀಮಾ, ನಿಮ್ಮ ಮೇಲೆ ನನಗೆ ಪ್ರೀತಿ. ನನ್ನನ್ನು ಮದುವೆಯಾಗುತ್ತೀರಾ?’ ಕೆಳಗೆ ಸಣ್ಣ ಅಕ್ಷರದಲ್ಲಿ: ‘ಈ ಮಾತು ನನ್ನದೇ. ಎಲ್ಲಿಂದಲೂ ತೆಗೆದುಕೊಂಡಿಲ್ಲ.’

ಅವಳು ಅದನ್ನು ಎರಡು ಸಲ ಓದಿದಳು. ಆದರೂ ಬಿಟ್ಟುಕೊಡುವವಳೇ ಅವಳು?

"ಈ ಮಾತು ಲೋಕದಾಗೆ ಎಲ್ಲಾರೂ ಹೇಳ್ಯಾರೆ. ನಿಮ್ದು ಹೆಂಗಾಗ್ತೈತೆ?"

"ಹೇಳಿರಬಹುದು. ನಿಮಗೆ ಹೇಳಿದೋರು ಯಾರಾದ್ರೂ ಅದಾರೇನು?"

"ಇಲ್ಲ..." ಎಂದಳು, ತಲೆ ಎತ್ತದೆ.

"ಹಂಗಾದ್ರೆ ನಂದೇ."

ಅವಳು ಚೀಟಿಯನ್ನು ಮಡಿಸಿ ತನ್ನ ಪುಸ್ತಕದೊಳಗೆ ಇಟ್ಟುಕೊಂಡಳು. "ಅಬ್ಬಾನ್ನ ಕೇಳಾಕೆ ಶುಕ್ರವಾರ ಬರ್ರಿ."

"ಏನಂತ ಶುರು ಮಾಡ್ಲಿ?"

"ಗೊತ್ತಿಲ್ವಾ ಇನ್ನೂ?" ನಸೀಮಾ ಮೊದಲ ಸಲ ಅವನ ಕಣ್ಣಲ್ಲಿ ಕಣ್ಣಿಟ್ಟು ನಕ್ಕಳು. "ಹರಿಹರದ ಖತೀಜಾಬೀ ಮನೆ ಚಾ ಕುಡಿದೋನು ಅಂತ ಮೊದಲ್ನೇ ಸಾಲಿನಾಗೇ ಹೇಳ್ರಿ. ಆಮೇಲೆ ನನ್ನ ಕೊಡ್ತೀರಾ ಅಂತ ಕೇಳ್ರಿ."